ಒಂದು ಕೆಂಪು ದಾರ ಕಡಿಮೆ

"ಪ್ಯಾರಾಚೂಟ್ ಮಡಚೋದೂ ಒಂದ್ ಕೆಲ್ಸವಾ?" ಎಂದು ನನ್ನನ್ನು ಕೇಳದವರು ಬಾಳ್ಳುಪೇಟೆಯಲ್ಲಿ ಕಡಿಮೆ. ಕೆಲಸವೇ. ಮೂವತ್ತಾರು ವರ್ಷ ಅದೊಂದನ್ನೇ ಮಾಡಿದೆ. ಉತ್ತರದ ಕಡೆಯ ಒಂದು ದೂರದ ಊರಿನ ಕಾರ್ಯಾಗಾರಕ್ಕೆ ಸೇರಿ, ಮೊದಲು ಸೈನಿಕರು ವಿಮಾನದಿಂದ ಹಾರುವಾಗ ಬೆನ್ನಿಗೆ ಕಟ್ಟಿಕೊಳ್ಳುವ ಪ್ಯಾರಾಚೂಟ್‌ಗಳನ್ನು ಮಡಚಿದೆ. ಕೊನೆಯ ಹನ್ನೊಂದು ವರ್ಷ, ಬಾಹ್ಯಾಕಾಶದಿಂದ ಮನುಷ್ಯರನ್ನು ಕೆಳಗಿಳಿಸಲಿರುವ ನೌಕೆಯ ಪ್ಯಾರಾಚೂಟ್‌ಗಳನ್ನು ಮಡಚಿದೆ. ಈಗ ನಿವೃತ್ತನಾಗಿ ಅಣ್ಣ ಜಬ್ಬಾರನ ಟಾರ್ಪಾಲು ಅಂಗಡಿಯಲ್ಲಿ ಕೂತು ಲಾರಿಗಳ ಹೊದಿಕೆಗೆ ತೇಪೆ ಹಾಕುತ್ತಿದ್ದೇನೆ. ಊರೆಲ್ಲ ಸುತ್ತಿ ಹೊರಟಲ್ಲಿಗೇ ಬಂದೆ ನೋಡು ಎಂದು ಅಣ್ಣ ಹಂಗಿಸುತ್ತಾನೆ. ಹೊರಟವರನ್ನು ಹೊರಟಲ್ಲಿಗೇ ತಂದು ಬಿಡುವುದೇ ತಾನೇ ನನ್ನ ಕೆಲಸವಾಗಿದ್ದದ್ದು ಎಂದು ನಾನೂ ತಿರುಗಿಸಿ ಹೇಳುತ್ತೇನೆ.

ಹೊಸದಾಗಿ ಈ ಕೆಲಸಕ್ಕೆ ಸೇರುವ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ಮಡಿಕೆಯ ಮೇಲೆ ಯಾವ ಮಡಿಕೆ ಬರಬೇಕು ಎಂದು ನಿಮಗೆ ತರಬೇತಿಯಲ್ಲಿ ಹೇಳಿಕೊಡುತ್ತಾರೆ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ. ನನ್ನ ಬಡ್ತಿಗಳ ಕತೆಯೂ ನಿಮಗೆ ಬೇಡ. ಎರಡು ಸಿಕ್ಕವು, ಒಂದು ನನ್ನ ಬಾಯಿಯಿಂದಾಗಿ ತಪ್ಪಿತು, ಅಷ್ಟೆ. ನಾನು ಹೇಳಬೇಕಾಗಿರುವುದು ಒಂದು ಗೇಣು ದಾರದ ವಿಚಾರ. ಅದಕ್ಕೆ ಮೊದಲು ಮೊನ್ನೆ ಅಂಗಡಿಯಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ.

ಮೊನ್ನೆ ಬಾಹ್ಯಾಕಾಶದಿಂದ ನೌಕೆಯೊಂದು ಮರಳುವುದಿತ್ತು. ನೌಕೆ ಬೇರೆ ದೇಶದ್ದು, ಒಳಗಿದ್ದ ನಾಲ್ವರಲ್ಲಿ ಒಬ್ಬ ನಮ್ಮವನು. ಮಳೆಗಾಲವೆಂದರೆ ನಮ್ಮ ಅಂಗಡಿಗೆ ಸುಗ್ಗಿ, ಘಾಟಿ ಇಳಿಯುವ ಗಾಡಿಗಳೆಲ್ಲ ಹರಿದ ಟಾರ್ಪಾಲು ಹೊತ್ತುಕೊಂಡು ಬರುತ್ತವೆ. ಆ ಮಧ್ಯಾಹ್ನ ಕೆ. ಹೊಸಕೋಟೆಯ ಪುಟ್ಟೇಗೌಡರು ತಮ್ಮ ಪಿಕಪ್ ಗಾಡಿಯದ್ದನ್ನು ತಂದಿದ್ದರು. ಎರಡು ಎಕರೆ ಕಾಫಿ, ಒಂದು ಪಿಕಪ್, ಲೋಕದ ಎಲ್ಲ ವಿಷಯದ ಮೇಲೂ ಒಂದು ಅಭಿಪ್ರಾಯ, ಇಷ್ಟು ಅವರ ಆಸ್ತಿ. ನಾನು ನೆಲದ ಮೇಲೆ ಕಾಲು ಚಾಚಿ ಕೂತು ದಬ್ಬಳದಿಂದ ತೇಪೆ ಹೊಲಿಯುತ್ತಿದ್ದೆ. ಎದುರು ಗೋಡೆಯ ಟಿವಿಯಲ್ಲಿ ನೌಕೆ ಬೆಂಕಿಯ ಉಂಡೆಯಾಗಿ ಇಳಿಯುವ ಚಿತ್ರ ತೋರಿಸುತ್ತಿದ್ದರು.

"ರಜಾಕಣ್ಣ, ಅದು ಹತ್ಕೊಂಡ್ ಉರೀತೈತಲ್ಲ ಮಾರಾಯ," ಎಂದರು ಗೌಡರು.

"ಉರೀಲೇಬೇಕು ಗೌಡ್ರೆ. ಅದಕ್ಕೇ ಅಂತ ತಳಕ್ಕೆ ದಪ್ಪ ಕವಚ ಹಾಕಿರ್ತಾರೆ."

"ಒಳಗಿರೋರ್ ಮಾತೂ ಕೇಳುಸ್ತಿಲ್ವಂತೆ."

"ಬೆಂಕಿ ಇರೋ ಗಂಟ ರೇಡಿಯೋ ಕೇಳ್ಸಲ್ಲ. ಒಂದೈದಾರು ನಿಮಿಷ. ಆಮೇಲ್ ಮಾತಾಡ್ತಾರೆ ಬುಡಿ."

"ನಿಂಗೊಸಿ ಭಯನೂ ಇಲ್ವಲ್ಲ."

"ಬೆಂಕಿ ಭಯ ಇಲ್ಲ," ಎಂದೆ. "ನಂದೇನಿದ್ರೂ ಅದು ಆರಿದ್ಮೇಲೆ ಶುರುವಾಗೋದು."

ಗೌಡರು ನನ್ನ ಮುಖ ನೋಡಿದರು. ನಾನು ಅಂದದ್ದು ತಮಾಷೆಗಲ್ಲ. ನೌಕೆಯ ವೇಗದ ಬಹುಪಾಲನ್ನು ಗಾಳಿಯೂ ಬೆಂಕಿಯೂ ತಿಂದುಹಾಕುತ್ತವೆ. ಉಳಿದ ವೇಗವೂ ಮನುಷ್ಯನನ್ನು ಪುಡಿ ಮಾಡಲು ಸಾಕು. ಅದನ್ನು ಕಳೆಯುವುದು ಬಟ್ಟೆಯ ಕೆಲಸ. ಮೊದಲು ಎರಡು ಚಿಕ್ಕ ಪ್ಯಾರಾಚೂಟ್ ಬಿಚ್ಚಿ ನೌಕೆಯ ಹೊಯ್ದಾಟ ನಿಲ್ಲಿಸುತ್ತವೆ, ಆಮೇಲೆ ದೊಡ್ಡವು ಬಿಚ್ಚುತ್ತವೆ. ಅಷ್ಟೆಲ್ಲ ಲೋಹ, ಅಷ್ಟೆಲ್ಲ ಲೆಕ್ಕಾಚಾರ ಮುಗಿದ ಮೇಲೆ ಒಳಗಿರುವವರ ಜೀವ ಯಾರೋ ಕೈಯಲ್ಲಿ ಮಡಚಿಟ್ಟ ಬಟ್ಟೆಗೆ ಜೋತುಬಿದ್ದಿರುತ್ತದೆ. ಆ ಯಾರೋ ಟಿವಿಯಲ್ಲಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ನನಗೆ ಮಡಚುವುದನ್ನು ಕಲಿಸಿದ್ದು ಇದೇ ಅಂಗಡಿಯಲ್ಲಿ, ನನ್ನ ಅಬ್ಬ. ಟಾರ್ಪಾಲು ಹೊಲಿಯುವವರು ಬೇಕಾದಷ್ಟು ಜನ ಇದ್ದರು, ಅಬ್ಬ ಮಡಚಿಕೊಟ್ಟದ್ದಕ್ಕೆ ಡ್ರೈವರುಗಳು ಕಾಯುತ್ತಿದ್ದರು. ಘಾಟಿಯ ತಿರುವಿನಲ್ಲಿ ಮಳೆ ಹಿಡಿದರೆ ಒಂದು ಮೂಲೆ ಹಿಡಿದು ಎಳೆದ ಕೂಡಲೇ ಅದು ಲಾರಿಯುದ್ದಕ್ಕೂ ತಾನೇ ಹರವಿಕೊಳ್ಳಬೇಕು. "ಮಡಚೋನು ಅವಸರ ಮಾಡ್ಬಾರ್ದು ಕಣೋ. ಬಿಚ್ಚೋನಿಗೆ ಅವಸರ ಇರ್ತೈತೆ," ಎನ್ನುತ್ತಿದ್ದ ಅಬ್ಬ. ಮೂವತ್ತಾರು ವರ್ಷದಲ್ಲಿ ನಾನು ಓದಿದ ಯಾವ ಕೈಪಿಡಿಯೂ ಇದಕ್ಕಿಂತ ಹೆಚ್ಚಿನದನ್ನು ಹೇಳಿಲ್ಲ.

ಅಬ್ಬನಿಂದ ಇನ್ನೊಂದನ್ನೂ ಕಲಿತೆ, ಕಲಿತದ್ದೇ ನನಗೆ ಗೊತ್ತಿರಲಿಲ್ಲ. ಹೊಲಿಯುವಾಗ ಎರಡೂ ಕೈಗೆ ಕೆಲಸ. ಕತ್ತರಿಸಿ ಉಳಿದ ಹುರಿಯ ತುಂಡನ್ನು ಎಸೆಯುವ ಹಾಗಿಲ್ಲ, ಎದ್ದು ಡಬ್ಬಿಗೆ ಹಾಕಲು ಪುರುಸೊತ್ತಿಲ್ಲ. ಚಾಚಿದ ಕಾಲಿನ ಹೆಬ್ಬೆರಳಿಗೆ ಅದನ್ನು ಎರಡು ಸುತ್ತು ಸುತ್ತಿಬಿಡುವುದು. ಸಂಜೆ ಏಳುವಾಗ ಬೆರಳಲ್ಲಿ ಐದಾರು ತುಂಡು ಸೇರಿರುತ್ತಿದ್ದವು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟುಗುಣವಲ್ಲ, ಅಂಗಡಿಯ ಗುಣ, ಆದರೂ ಹೋಗಲಿಲ್ಲ.

ಕೆಲಸಕ್ಕೆ ಸೇರಿದಾಗ ನನ್ನ ಮೊದಲ ಮೇಲಧಿಕಾರಿ ಸೈನ್ಯದಲ್ಲಿ ಹಾರುವುದನ್ನು ಕಲಿಸಿ ಬಂದಿದ್ದ ಒಬ್ಬ ಮುದುಕ. ಎಲ್ಲರೂ ಉಸ್ತಾದ್ ಎನ್ನುತ್ತಿದ್ದೆವು. ಪ್ರತಿ ಪ್ಯಾರಾಚೂಟ್‌ಗೂ ಒಂದು ಚೀಟಿ, ಚೀಟಿಯಲ್ಲಿ ಮಡಚಿದವನ ಸಹಿ. ಉಸ್ತಾದ್ ಯಾವಾಗ ಬೇಕಾದರೂ ಕಪಾಟಿನಿಂದ ಒಂದನ್ನು ತೆಗೆದು, ಸಹಿ ನೋಡಿ, ಆ ಸಹಿಯವನ ಎದೆಗೆ ಒತ್ತಿ ಕೇಳುತ್ತಿದ್ದ: "ನಾಳೆ ಇದನ್ನು ನೀನೇ ಕಟ್ಟಿಕೊಂಡು ಹಾರ್ತೀಯಾ?" ಯಾರನ್ನೂ ಹಾರಿಸಲಿಲ್ಲ, ಮುಖ ನೋಡುತ್ತಿದ್ದ ಅಷ್ಟೆ. ಮೊದಲ ಸಲ ನನ್ನನ್ನು ಕೇಳಿದಾಗ ನಾನು ಬುದ್ಧಿವಂತನಂತೆ, "ಇನ್ನೊಮ್ಮೆ ನೋಡಿಬಿಡ್ತೀನಿ ಉಸ್ತಾದ್," ಎಂದೆ. ಅವನು ಅದನ್ನು ಅಲ್ಲೇ ಬಿಚ್ಚಿ ಎಸೆದ. ಆ ದಿನ ನಾನು ಮಡಚಿದ್ದ ಏಳನ್ನೂ ಬಿಚ್ಚಿಸಿದ. ಇನ್ನೊಮ್ಮೆ ನೋಡುತ್ತೇನೆ ಎನ್ನುವವನು ಮೊದಲ ಸಲ ನೋಡಿಯೇ ಇಲ್ಲ ಎಂಬುದು ಅವನ ತರ್ಕ. ಆ ಏಳನ್ನು ಮತ್ತೆ ಮಡಚುವಾಗ ಅವನನ್ನು ಮನಸ್ಸಿನಲ್ಲೇ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಈಗ ಅವನ ಹೆಸರಿನಲ್ಲಿ ದುವಾ ಮಾಡುತ್ತೇನೆ.

ಮುಂದೆ ನನ್ನನ್ನು ನೌಕೆಯ ವಿಭಾಗಕ್ಕೆ ಹಾಕಿದರು. ಅಲ್ಲಿ ಎಲ್ಲವೂ ಬೇರೆ. ಬಿಚ್ಚಿ ಹರವಿದರೆ ದೊಡ್ಡ ಎಸ್ಟೇಟಿನ ಕಾಫಿ ಕಣವನ್ನೇ ಮುಚ್ಚುವಷ್ಟು ಬಟ್ಟೆ, ಅದು ಕೂರಬೇಕಾದ ಜಾಗ ಒಂದು ಪೀಪಾಯಿಯಷ್ಟು. ಎಂಟು ಜನ ಉದ್ದನೆಯ ಮೇಜಿನ ಮೇಲೆ ಕಾಲುಚೀಲದಲ್ಲಿ ಹತ್ತಿ ಕೂತು ಮಡಚಬೇಕು, ಪ್ರತಿ ಹಂತದಲ್ಲೂ ಯಂತ್ರದಲ್ಲಿ ಒತ್ತಬೇಕು. ಒಂದು ದೊಡ್ಡ ಪ್ಯಾರಾಚೂಟ್ ಮಡಚಿ ಮುಚ್ಚಲು ಒಂಬತ್ತು ದಿನ. ಮೇಲೆ ಕ್ಯಾಮೆರಾ, ಗೋಡೆಯಲ್ಲಿ ತೇವ ಅಳೆಯುವ ಮಾಪಕ, ಕೊನೆಗೆ ಎಕ್ಸ್‌ರೇ. ನಮ್ಮ ಮುಖ್ಯಸ್ಥರು ಧಾರವಾಡದ ಕುಲಕರ್ಣಿ ಸರ್. ನಗುವುದನ್ನು ಧಾರವಾಡದಲ್ಲೇ ಬಿಟ್ಟು ಬಂದಿದ್ದಾರೆ ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು.

ಅಲ್ಲಿಗೆ ಸವಿತಾ ಬಂದಳು. ಒಂದು ದಿನ ಬಟ್ಟೆಯ ಅಂಚು ಸಿಕ್ಕಿಕೊಂಡು ನಾನು ಕನ್ನಡದಲ್ಲಿ ಗೊಣಗಿದ್ದು ಕೇಳಿ, ಮೇಜಿನ ಆ ತುದಿಯಿಂದ, "ಸಾರ್, ನೀವ್ ನಮ್ ಕಡೆಯೋರಾ?" ಎಂದಳು. ಹೆತ್ತೂರಿನವಳು, ತಂದೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಜೂನ್ ಬಂತೆಂದರೆ ಚಪ್ಪಲಿಗೂ ಬೂಸ್ಟು ಹಿಡಿಯುವ ಊರು ಅದು. ಅಲ್ಲಿ ಬೆಳೆದವಳ ಮೂಗಿಗೆ ಬಟ್ಟೆಯ ತೇವ ಮಾಪಕಕ್ಕಿಂತ ಮೊದಲೇ ತಿಳಿಯುತ್ತಿತ್ತು. ಎರಡು ಸಲ ಅವಳ ಮೂಗು ಹೇಳಿದ್ದೇ ಸರಿಯಾಗಿ ಮಾಪಕವನ್ನು ರಿಪೇರಿಗೆ ಕಳಿಸಿದೆವು.

ಈಗ ದಾರದ ವಿಚಾರ. ಮಡಚುವಾಗ ಮಡಿಕೆಗಳು ಜಾರದಂತೆ ಅಲ್ಲಲ್ಲಿ ಕೆಂಪು ದಾರದಿಂದ ತಾತ್ಕಾಲಿಕವಾಗಿ ಕಟ್ಟುತ್ತೇವೆ. ಮಡಿಕೆ ಕೂತ ಮೇಲೆ ಆ ದಾರ ಕತ್ತರಿಸಿ ತೆಗೆಯಬೇಕು. ಒಂದು ಪ್ಯಾರಾಚೂಟ್‌ಗೆ ನಲವತ್ತೊಂದು ದಾರ. ಹೋದದ್ದು ನಲವತ್ತೊಂದು, ಬಂದದ್ದು ನಲವತ್ತೊಂದು ಎಂದು ತಟ್ಟೆಯಲ್ಲಿಟ್ಟು ಎಣಿಸಿದ ಮೇಲೆ ಸಹಿ. ಒಂದು ಒಳಗೇ ಉಳಿದರೆ, ಬಟ್ಟೆ ಬಿಚ್ಚುವ ಹೊತ್ತಿನಲ್ಲಿ ಅದು ಒಂದು ಮಡಿಕೆಯನ್ನು ಹಿಡಿದುಕೊಂಡಿರಬಹುದು. ಎಳೆತಕ್ಕೆ ತುಂಡಾಗಬಹುದು, ಆಗದೆಯೂ ಇರಬಹುದು. ಒಳಗೆ ಕತ್ತರಿ ಬಿಟ್ಟಿದ್ದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ದಾರ ಕಾಣುವುದಿಲ್ಲ.

ನೌಕೆಯನ್ನು ವಿಮಾನದಿಂದ ಬೀಳಿಸಿ ನೋಡುವ ಪರೀಕ್ಷೆಗೆ ದಿನ ನಿಗದಿಯಾಗಿತ್ತು. ಒಳಗೆ ಮನುಷ್ಯರಿಲ್ಲ, ಅವರ ತೂಕದ ಮೂಟೆಗಳಷ್ಟೆ. ಬೇಕಾಗಿದ್ದ ಮೂರು ದೊಡ್ಡ ಪ್ಯಾರಾಚೂಟ್‌ಗಳಲ್ಲಿ ಮೂರನೆಯದನ್ನು ಒಂದು ಗುರುವಾರ ಸಂಜೆ ಮುಚ್ಚಿದೆವು. ನಾನು ತಂಡದ ಹಿರಿಯ, ಸಹಿ ನನ್ನದು. ಸವಿತಾ ತಟ್ಟೆಯ ದಾರ ಎಣಿಸಿದಳು.

"ನಲವತ್ತು ಸಾರ್."

"ಇನ್ನೊಂದ್ಸಲ ಎಣಿಸಮ್ಮ."

ಎಣಿಸಿದಳು. ನಲವತ್ತು. ನಾನೇ ಎಣಿಸಿದೆ. ನಲವತ್ತು. ಮೇಜಿನ ಕೆಳಗೆ, ಜೇಬುಗಳಲ್ಲಿ, ತಲೆಗೂದಲಲ್ಲಿ, ಯಂತ್ರದ ಸಂದಿಯಲ್ಲಿ ಎಲ್ಲ ಹುಡುಕಿದೆವು. ಇಲ್ಲ. ಉಳಿದವರು ಬಾಗಿಲ ಹತ್ತಿರ ಹುಡುಕುತ್ತಿದ್ದಾಗ ನಾನು ಕಪಾಟಿನ ಮುಂದೆ ನಿಂತಿದ್ದೆ. ಅದರೊಳಗೆ ಅದೇ ಕೆಂಪು ದಾರದ ಉಂಡೆ ಇತ್ತು, ಪಕ್ಕದಲ್ಲಿ ಕತ್ತರಿ ಇತ್ತು. ಒಂದು ಗೇಣು ಕತ್ತರಿಸಿ ತಟ್ಟೆಗೆ ಹಾಕಿದರೆ ನಲವತ್ತೊಂದು. ಒಳಗೆ ಮನುಷ್ಯರಿಲ್ಲವಲ್ಲ, ಮೂಟೆಗಳು ತಾನೇ ಎಂದಿತು ಮನಸ್ಸು. ನನ್ನ ಕೈ ಕತ್ತರಿಯ ಮೇಲಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತಿದ್ದೇನೆ. ತಿರುಗಿದರೆ ಸವಿತಾ ನನ್ನ ಕೈಯನ್ನೇ ನೋಡುತ್ತಿದ್ದಳು.

"ಬ್ಯಾಡ ಸಾರ್," ಎಂದಳು, ನನಗಷ್ಟೇ ಕೇಳುವಂತೆ.

ಕೈ ತೆಗೆದೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಹಾಗೇ ಕುಲಕರ್ಣಿ ಸರ್ ಕೋಣೆಗೆ ಹೋಗಿ, "ಒಂದು ದಾರ ಕಡಿಮೆ ಸರ್," ಎಂದೆ.

"ಖಾತ್ರಿ ಏನು?"

"ಖಾತ್ರಿ ಸರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಂಗಿದ್ರ ಬಿಚ್ರಿ," ಎಂದರು. ಆಮೇಲೆ ಫೋನ್ ಎತ್ತಿ ಪರೀಕ್ಷೆ ಮುಂದಕ್ಕೆ ಹೋಗುತ್ತದೆಂದು ಮೇಲಿನವರಿಗೆ ಹೇಳಿದರು. ಆ ಕಡೆಯವರು ಏನೆಂದರೋ, ಇವರು ಹತ್ತು ನಿಮಿಷ ನಿಂತುಕೊಂಡೇ ಕೇಳಿಸಿಕೊಂಡರು. ನನ್ನ ಹೆಸರನ್ನು ಒಮ್ಮೆಯೂ ಹೇಳಲಿಲ್ಲ.

ಶುಕ್ರವಾರ, ಶನಿವಾರ ಎರಡು ದಿನ ಬಿಚ್ಚಿದೆವು. ಒಂಬತ್ತು ದಿನದ ಕೆಲಸ ಮೇಜಿನ ಮೇಲೆ ಹರಡಿಕೊಂಡು ಬಿತ್ತು. ದಾರ ಇರಲಿಲ್ಲ. ಇದರಲ್ಲಿ ಇಲ್ಲವೆಂದರೆ ಹಿಂದೆ ಮುಚ್ಚಿಟ್ಟ ಎರಡರಲ್ಲಿ ಎಲ್ಲಾದರೂ ಸೇರಿಕೊಂಡಿರಬಹುದೇ, ಎಣಿಕೆ ಆಗಲೇ ತಪ್ಪಿತ್ತೇ ಎಂಬ ಅನುಮಾನ ಹುಟ್ಟಿತು. ಸೋಮವಾರದಿಂದ ಅವನ್ನೂ ಬಿಚ್ಚುವುದೆಂದು ತೀರ್ಮಾನವಾಯಿತು.

ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ನೂರ್‌ಜಹಾನ್ ಬಟ್ಟೆ ಒಗೆಯಲು ಕೂತಿದ್ದಳು. ಮನೆಯಲ್ಲಿ ನಮ್ಮ ಮಾತು ಉರ್ದು, ಜಗಳ ಮಾತ್ರ ಕನ್ನಡ. ಅವಳು ಸಕಲೇಶಪುರದವಳು.

"ಎಷ್ಟ್ ಸಲ ಹೇಳೋದ್ರೀ ನಿಮಗೆ, ಕಾಲುಚೀಲನ ಉಲ್ಟಾ ಮಾಡಿ ಬಿಸಾಕ್ಬ್ಯಾಡಿ ಅಂತ," ಎಂದು ಶುರುಮಾಡಿದವಳು, ಚೀಲವನ್ನು ತಿರುಗಿಸಿ ಕೊಡವಿ, "ಇದೇನ್ರೀ ಇದು ಕೆಂಪ್ ದಾರ? ಯಾವ ದರ್ಗಾದ್ದು?" ಎಂದಳು.

ಕಲ್ಲಿನ ಮೇಲೆ ಸುರುಳಿ ಸುತ್ತಿದ ಒಂದು ಗೇಣು ಕೆಂಪು ದಾರ ಬಿದ್ದಿತ್ತು. ಎರಡು ಸುತ್ತು, ಹೆಬ್ಬೆರಳಿನ ಅಳತೆಗೆ.

ಮೇಜಿನ ಮೇಲೆ ಕಾಲು ಚಾಚಿ ಕೂತಾಗ ಎರಡೂ ಕೈಗೆ ಕೆಲಸವಿತ್ತು. ಕತ್ತರಿಸಿದ ದಾರವನ್ನು ಬಾಳ್ಳುಪೇಟೆಯ ಅಂಗಡಿಯಲ್ಲಿ ಇಡುವ ಜಾಗದಲ್ಲೇ, ಕಾಲುಚೀಲದ ಮೇಲೆಯೇ ಸುತ್ತಿ ಇಟ್ಟಿದ್ದೆ. ಕೆಳಗಿಳಿಯುತ್ತಲೇ ಕಾಲಿಗೆ ಬಿಳಿ ಹೊದಿಕೆ ಹಾಕಿಕೊಳ್ಳುವುದು ಅಲ್ಲಿನ ನಿಯಮ, ಅದರೊಳಗೆ ದಾರ ಮುಚ್ಚಿಹೋಗಿತ್ತು. ಮನೆಗೆ ಬಂದು ಸಂಜೆಯ ಮಗ್ರಿಬ್ ನಮಾಜಿಗೆ ಕಾಲು ತೊಳೆಯುವ ಅವಸರದಲ್ಲಿ ಚೀಲವನ್ನು ತಿರುಗಾಮುರುಗಾ ಸುಲಿದು ಮೂಲೆಗೆ ಎಸೆದಿದ್ದೆ. ಊರೆಲ್ಲ ಹುಡುಕಿದ ದಾರ ನನ್ನ ಕಾಲಲ್ಲೇ ಇತ್ತು.

ಆ ಭಾನುವಾರ ಊಟ ಸೇರಲಿಲ್ಲ. ಎಂಟು ಜನರ ಒಂಬತ್ತು ದಿನ, ಕುಲಕರ್ಣಿ ಸರ್ ನಿಂತು ಕೇಳಿದ ಹತ್ತು ನಿಮಿಷ, ಎಲ್ಲದಕ್ಕೂ ನನ್ನ ಒಂದು ಬೆರಳು ಕಾರಣ. ದಾರವನ್ನು ಒಲೆಗೆ ಹಾಕಿದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಆದರೆ ಮಿಕ್ಕ ಎರಡನ್ನೂ ಬಿಚ್ಚುತ್ತಿದ್ದರು. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಅದನ್ನು ಸರ್ ಮೇಜಿನ ಮೇಲಿಟ್ಟು, ಬೆರಳಿನ ಕತೆ ಹೇಳಿದೆ.

ಅವರು ದಾರವನ್ನು ಎತ್ತಿ ನೋಡಿದರು. "ಇದನ್ನ ಒಲಿಯೊಳಗ ಹಾಕಿದ್ರ ಯಾರಿಗ್ ಗೊತ್ತಾಗ್ತಿತ್ತಪಾ?"

"ನನ್ ಹೆಂಡ್ತಿಗೆ ಗೊತ್ತಾಗ್ಬುಟ್ಟಿತ್ತು ಸರ್."

ಕುಲಕರ್ಣಿ ಸರ್ ನಕ್ಕದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು. ನಕ್ಕು ಮುಗಿಸಿ, ದಾರವನ್ನು ನನ್ನ ಸಹಿಯ ಜಾಗ ಖಾಲಿ ಇದ್ದ ಹಾಳೆಗೆ ಟೇಪಿನಿಂದ ಅಂಟಿಸಿದರು. ಮಿಕ್ಕ ಎರಡನ್ನು ಬಿಚ್ಚಲಿಲ್ಲ. ಮರುದಿನದಿಂದ ಹೊಸ ನಿಯಮ ಬಂತು: ದಾರಗಳಿಗೆಲ್ಲ ನಂಬರಿನ ಚೀಟಿ, ಮತ್ತು ಎಣಿಸುವ ಮೊದಲು ಮೇಜಿನ ಮೇಲಿದ್ದವರೆಲ್ಲ ಕಾಲುಚೀಲ ತೆಗೆದು ಬೆರಳು ಅಗಲಿಸಿ ತೋರಿಸಬೇಕು. ಹುಡುಗರು ಅದಕ್ಕೆ ರಜಾಕ್ ಪರೇಡ್ ಎಂದು ಹೆಸರಿಟ್ಟರು. ನೀವು ಅಲ್ಲಿಗೆ ಸೇರಿದರೆ ನೀವೂ ತೋರಿಸಬೇಕಾಗುತ್ತದೆ, ಉಗುರು ಕತ್ತರಿಸಿಕೊಂಡು ಹೋಗಿ.

ಪರೀಕ್ಷೆ ತಡವಾಗಿ ನಡೆಯಿತು, ಮೂರೂ ಚೆನ್ನಾಗಿ ಬಿಚ್ಚಿದವು.

ನಾನು ನಿವೃತ್ತನಾಗುವ ವರ್ಷ, ನಮ್ಮ ನೌಕೆಯಲ್ಲಿ ಮುಂದೆ ಹೋಗಲಿರುವ ಪೈಲಟ್ ಒಬ್ಬರು ನಮ್ಮ ಕೋಣೆ ನೋಡಲು ಬಂದರು. ನನ್ನ ಮಗನ ವಯಸ್ಸು. ಎಣಿಕೆಯ ಹೊತ್ತಿಗೆ ಎಲ್ಲರೂ ಕಾಲು ಎತ್ತಿ ಕೂತದ್ದನ್ನು ಕಂಡು ನಕ್ಕು, ಇದೇನೆಂದು ಕೇಳಿದರು. ಕುಲಕರ್ಣಿ ಸರ್ ಎಲ್ಲರ ಮುಂದೆ ಕತೆ ಹೇಳಿಯೇಬಿಟ್ಟರು. ನಾನು ಮೇಜಿನ ಕೆಳಗೆ ಹೋಗಿ ಕೂರೋಣವೇ ಎನ್ನಿಸುವಂತಾಯಿತು. ಪೈಲಟ್ ನಗುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದರು: "ಆ ದಾರ ಒಳಗೇ ಇದ್ದಿದ್ದರೆ ಏನಾಗುತ್ತಿತ್ತು?"

"ಬಹುಶಃ ಏನೂ ಆಗುತ್ತಿರಲಿಲ್ಲ ಸಾಹೇಬರೇ. ಎಳೆತಕ್ಕೆ ಹರಿದುಹೋಗುತ್ತಿತ್ತು."

"ಮತ್ತೆ ಯಾಕೆ ಬಿಚ್ಚಿದಿರಿ?"

"ಆ ಬಹುಶಃಕ್ಕೆ," ಎಂದೆ.

ಅವರು ಮೇಜಿನ ಅಂಚಿಗೆ ಕೂತು, ಬಿಳಿ ಹೊದಿಕೆ ತೆಗೆದು, ತಮ್ಮ ಕಾಲುಚೀಲವನ್ನೂ ತೆಗೆದು, ಹತ್ತೂ ಬೆರಳು ಅಗಲಿಸಿ ಸವಿತಾಳ ಮುಂದೆ ಚಾಚಿದರು. "ನನ್ನವನ್ನೂ ನೋಡಿ," ಎಂದರು. ಅವಳು ನೋಡಿ, ಹಾಳೆಯಲ್ಲಿ ಗುರುತು ಹಾಕಿದಳು. ನನ್ನ ಕಣ್ಣು ತುಂಬಿಬಂತು. ಅಲ್ಲಿಯವರೆಗೆ ಆ ಕತೆ ನನ್ನ ಅವಮಾನವಾಗಿತ್ತು, ಆಮೇಲೆ ಅವಮಾನವಾಗಿ ಉಳಿಯಲಿಲ್ಲ.

ಮೊನ್ನೆ ಅಂಗಡಿಯಲ್ಲಿ ಟಿವಿಯ ಬೆಂಕಿ ಆರಿತು. ಒಳಗಿನವರ ದನಿ ಕೇಳಿಸಿತು, ಪುಟ್ಟೇಗೌಡರು ಉಸಿರು ಬಿಟ್ಟರು. ನನ್ನ ದಬ್ಬಳ ನಿಂತಿತು. ಚಿಕ್ಕವೆರಡು ಬಿಚ್ಚಿ ಕಳಚಿದವು. ದೊಡ್ಡವು ನಾಲ್ಕು. ಮೂರು ತುಂಬಿಕೊಂಡವು, ನಾಲ್ಕನೆಯದು ಮೊಗ್ಗಾಗಿಯೇ ಉಳಿಯಿತು.

"ಬಿಚ್ಚುತಲ್ಲ ಛತ್ರಿ, ಗೆದ್ರು ಬುಡು," ಎಂದರು ಗೌಡರು.

ನನ್ನ ಕಣ್ಣು ನಾಲ್ಕನೆಯದರ ಮೇಲಿತ್ತು. ಮೂರರಲ್ಲೇ ಇಳಿಯಬಹುದು, ಲೆಕ್ಕ ಹಾಗೇ ಇರುತ್ತದೆ, ನನಗೆ ಗೊತ್ತು. ಆದರೂ ಎಲ್ಲೋ ಸಮುದ್ರದಾಚೆಯ ಒಂದು ಊರಿನಲ್ಲಿ ಆ ನಾಲ್ಕನೆಯದನ್ನು ಮಡಚಿದವನೋ ಮಡಚಿದವಳೋ ನನ್ನ ಹಾಗೇ ಕೈಕಟ್ಟಿ ನೋಡುತ್ತಿದ್ದಾರಲ್ಲ ಎಂದುಕೊಂಡೆ. ಅವರೂ ಎಣಿಸಿರುತ್ತಾರೆ. ಎಣಿಸದೆ ಸಹಿ ಹಾಕುವ ಜಾತಿ ನಮ್ಮದಲ್ಲ. ಹಾಗೆಂದುಕೊಳ್ಳುವಷ್ಟರಲ್ಲಿ ಮೊಗ್ಗು ನಿಧಾನಕ್ಕೆ ಅಗಲವಾಗಿ ಗಾಳಿ ತುಂಬಿಕೊಂಡಿತು. ನಾಲ್ಕೂ ಒಂದಕ್ಕೊಂದು ಒತ್ತಿಕೊಂಡು ನೌಕೆಯನ್ನು ನೀರಿನ ಮೇಲೆ ಇಳಿಸಿದವು.

"ನಾಲ್ಕನೇದು ಒಸಿ ಸೋಂಬೇರಿ ಕಣ್ ಗೌಡ್ರೆ," ಎಂದೆ. ಅವರು ಅದನ್ನು ಗಮನಿಸಿಯೇ ಇರಲಿಲ್ಲ.

ಜೇಬಿನ ಫೋನು ಆಗಿನಿಂದ ಅಲುಗುತ್ತಿತ್ತು. ತೆಗೆದು ನೋಡಿದರೆ ಸವಿತಾಳ ಸಂದೇಶ. ಈಗ ಅಲ್ಲಿ ಹಿರಿಯಳು ಅವಳೇ, ಸಹಿ ಅವಳದ್ದೇ. ನಮ್ಮವರು ನಮ್ಮದೇ ನೌಕೆಯಲ್ಲಿ ಹೋಗಿಬರುವ ದಿನಕ್ಕೆ ಕೆಲಸ ನಡೆದಿದೆ. ಯಾವುದು, ಯಾವಾಗ ಎಂದು ಅವಳು ಹೇಳುವುದಿಲ್ಲ, ನಾನು ಕೇಳುವುದೂ ಇಲ್ಲ. ಒಂದನ್ನು ಮುಚ್ಚಿದ ದಿನ ಒಂದೇ ಸಾಲು ಬರೆಯುತ್ತಾಳೆ. "ನಲವತ್ತೊಂದಕ್ಕೆ ನಲವತ್ತೊಂದು ಸಾರ್. ಕಾಲೂ ನೋಡಾಯ್ತು."

"ಏನಂತೆ?" ಎಂದರು ಗೌಡರು.

"ಎಲ್ಲಾ ಸರಿ ಐತಂತೆ," ಎಂದು ಏಳಲು ಹೋದವನು ನನ್ನ ಕಾಲು ನೋಡಿಕೊಂಡೆ. ಹೆಬ್ಬೆರಳಲ್ಲಿ ಎರಡು ಸುತ್ತು, ಗೌಡರ ಟಾರ್ಪಾಲಿನ ಹುರಿ ಕೂತಿತ್ತು. ಅದನ್ನು ಬಿಡಿಸಿ ಡಬ್ಬಿಗೆ ಹಾಕಿ, ಟಾರ್ಪಾಲು ಮಡಚಿಕೊಟ್ಟೆ.